ಆಳೆತ್ತರದಲ್ಲಿ ನಿಂತದ್ದು

ಮೊನ್ನೆ ಮಂಡಿನೋವಿಗೆಂದು ಹರಳೆಣ್ಣೆ ಬಿಸಿಗಿಟ್ಟು ಮರೆತುಬಿಟ್ಟೆ. ಎಣ್ಣೆ ಸೀದ ಹೊಗೆ ಮೂಗಿಗೆ ಬಡಿದ ಕೂಡಲೇ ರಾಜಾಜಿನಗರದ ನಮ್ಮ ಹಳೆಯ ಮನೆ, ಪಕ್ಕದ ಖಾಲಿ ಸೈಟು, ಅಲ್ಲಿ ಕುಕ್ಕರಗಾಲಲ್ಲಿ ಕೂತಿರುತ್ತಿದ್ದ ಪಕ್ಕದ ಮನೆಯವರು... ಎಲ್ಲ ಒಟ್ಟಿಗೇ ಕಣ್ಣೆದುರು ಬಂದವು.

ಐವತ್ತರ ದಶಕದ ಮಾತು. ಬಡಾವಣೆ ಇನ್ನೂ ಹೊಸದು. ನಾಲ್ಕು ಮನೆ ದಾಟಿದರೆ ಕುರುಬರಹಳ್ಳಿಯ ರಾಗಿ ಹೊಲ. ನನಗೆ ಇಪ್ಪತ್ತು ವರ್ಷ, ಟೈಪಿಂಗ್ ಕಲಿಯುತ್ತಿದ್ದೆ. ಪಕ್ಕದ ಮನೆಯ ಅವರು ಡ್ರಾಫ್ಟ್ಸ್‌ಮನ್, ಯಂತ್ರಗಳ ನಕ್ಷೆ ಬರೆಯುವ ಕೆಲಸ. ಕೆಂಗೇರಿ ಕಡೆ ಯಾರೋ ಶ್ರೀಮಂತರು ಶೆಡ್ಡಿನಲ್ಲಿ ಒಬ್ಬರೇ ಕೂರುವಂಥ ಹೆಲಿಕಾಪ್ಟರ್ ಕಟ್ಟಿಸಿದ್ದರು. ಅದರ ತಲೆಯ ಮೇಲೆ ತಿರುಗುವ ರೆಕ್ಕೆಗಳ ನಕ್ಷೆ ಇವರದು. ಮೊದಲ ಸಲ ಅದನ್ನು ನೆಲದಿಂದ ಎಬ್ಬಿಸಿದವನು ಇವರ ತಮ್ಮ. ಆಳೆತ್ತರಕ್ಕೆ ಏರಿ ನಿಂತಿತಂತೆ. ಆಮೇಲೆ ತೊಟ್ಟಿಲಿನ ಹಾಗೆ ತೂಗತೊಡಗಿ, ತೂಗಿದಷ್ಟೂ ಹೆಚ್ಚು ವಾಲಿ, ರೆಕ್ಕೆ ನೆಲಕ್ಕೆ ಬಡಿಯಿತು. ತಮ್ಮ ಉಳಿಯಲಿಲ್ಲ.

ಇವರು ಕೆಲಸ ಬಿಟ್ಟು ಅದರದೇ ಮೊಳದುದ್ದದ ಮಾದರಿ ಕಟ್ಟುತ್ತಾ ಕೂತರು. ಪುಟ್ಟ ಎಂಜಿನ್, ಹರಳೆಣ್ಣೆ ಬೆರೆಸಿದ ಇಂಧನ. ಪ್ರತಿ ಸಲವೂ ಏರುತ್ತಿತ್ತು, ತೂಗುತ್ತಿತ್ತು, ಬೀಳುತ್ತಿತ್ತು. ಅದರ ಸೀಟಿನಲ್ಲಿ ಬೆರಳುದ್ದದ ಬಟ್ಟೆಯ ಗೊಂಬೆ. ಅದರ ಬಟ್ಟೆ ಸತ್ತ ಆ ತಮ್ಮನ ಖಾಕಿ ಅಂಗಿಯ ತುಂಡು ಎಂದು ಅಮ್ಮ ಹೇಳಿದ ಮೇಲೆ ನಾನು ಆ ಕಡೆ ನೋಡುವುದಕ್ಕೇ ಹೆದರುತ್ತಿದ್ದೆ.

ಒಂದು ಮಧ್ಯಾಹ್ನ ಬಟ್ಟೆ ಒಣಹಾಕುತ್ತಿದ್ದವಳನ್ನು ಅವರೇ ಬೇಲಿಯಾಚೆಯಿಂದ ಕರೆದರು. ರೆಕ್ಕೆಗಳಿಗೆ ಅಡ್ಡಲಾಗಿ ಒಂದು ತೆಳು ಸರಳು ಕೂರಿಸಿದ್ದರು, ಎರಡು ತುದಿಗೂ ಸೀಸದ ಗುಂಡು.

"ಇದ್ರ ಮೈ ವಾಲಿದ್ರೂ ತಿರುಗ್ತಿರೋ ಈ ಸರಳು ಅಷ್ಟು ಬೇಗ ವಾಲಲ್ಲ ಕಣಮ್ಮ. ಅದೇ ರೆಕ್ಕೇನ ತಿದ್ದಿ ನೆಟ್ಟಗೆ ತರುತ್ತೆ," ಎಂದರು.

ಎಂಜಿನ್ ಕಿರುಚಿತು. ಮಾದರಿ ಆಳೆತ್ತರಕ್ಕೆ ಏರಿತು, ಒಮ್ಮೆ ವಾಲಿತು, ತಾನಾಗಿ ಸರಿಹೋಗಿ ನಿಂತುಬಿಟ್ಟಿತು. ಸುತ್ತ ಒಂದು ಹೊಂಗೆ ಎಲೆಯೂ ಅಲುಗುತ್ತಿರಲಿಲ್ಲ. ಅದು ನಿಧಾನವಾಗಿ ತಿರುಗಿ, ಕಣ್ಣುಮೂಗಿಲ್ಲದ ಆ ಗೊಂಬೆಯನ್ನು ಅವರ ಮುಖಕ್ಕೆ ಸರಿಯಾಗಿ ತಂದು ನಿಲ್ಲಿಸಿತು.

"ಈಗ ನೆಟ್ಟಗೆ ನಿಂತ್ಯೇನೋ?" ಎಂದು ಕೇಳಿದರು. ನನ್ನನ್ನಲ್ಲ.

ಇಂಧನ ಮುಗಿದು ಎಂಜಿನ್ ನಿಂತಿತು. ರೆಕ್ಕೆಗಳೂ ನಿಂತವು, ಸೀಸದ ಗುಂಡು ಎರಡೂ ಸ್ಪಷ್ಟವಾಗಿ ಕಾಣುತ್ತಿದ್ದವು. ಆದರೆ ಅದು ಬೀಳಲಿಲ್ಲ. ಎರಡು ಉಸಿರಿನಷ್ಟು ಹೊತ್ತು ಅಲ್ಲೇ ಇತ್ತು... ಆಮೇಲೆ ಯಾರೋ ಕೈಯಲ್ಲಿ ಹಿಡಿದು ಇಟ್ಟ ಹಾಗೆ ನೆಲಕ್ಕಿಳಿಯಿತು.

ಅವರು ನನ್ನತ್ತ ತಿರುಗಿದರು. "ನೋಡಿದ್ಯೇನಮ್ಮಾ?"

"ಇಲ್ಲ ಸಾರ್, ಬಿಸಿಲು ಕಣ್ಣಿಗೆ ಹೊಡೀತು," ಎಂದು ಸುಳ್ಳು ಹೇಳಿ ಒಳಗೋಡಿದೆ.

ಆ ಸರಳಿನ ನಕ್ಷೆಯನ್ನು ಅವರು ವಿಮಾನಗಳ ವಿಷಯ ಬಲ್ಲ ಒಬ್ಬರಿಗೆ ಕಳಿಸಿದರು. ಉತ್ತರ ಬಂದ ದಿನ ಕಾಗದ ಹಿಡಿದೇ ನಮ್ಮ ಬಾಗಿಲಿಗೆ ಬಂದರು.

"ಈ ಸರಳು ಅಮೆರಿಕದಲ್ಲಿ ಆಗ್ಲೇ ಇದ್ಯಂತಮ್ಮ. ವರ್ಷಗಳಿಂದ ಇದ್ಯಂತೆ. ತಮ್ಮ ಹಾರೋಕೆ ಮುಂಚೆ ಯಾರನ್ನಾದ್ರೂ ಒಂದ್ ಮಾತು ಕೇಳಿದ್ರೆ ಸಾಕಿತ್ತು... ನಾನು ಕೇಳ್ಲಿಲ್ಲ."

ಆ ವಾರವೇ ಅವರು ಮನೆ ಖಾಲಿ ಮಾಡಿದರು. ಎಷ್ಟೋ ವರ್ಷದ ಮೇಲೆ, ತೀರಿಕೊಂಡರು ಎಂಬ ಸುದ್ದಿ ಯಾರದೋ ಬಾಯಲ್ಲಿ ಬಂತು.

ಆ ಸೈಟಿನಲ್ಲಿ ಈಗ ನಾಲ್ಕಂತಸ್ತಿನ ಮನೆ. ನನಗೂ ತೊಂಬತ್ತು ಹತ್ತಿರವಾಯಿತು. ಅಂದು ನಾನು ಹೌದೆಂದಿದ್ದರೆ ಆ ಮನುಷ್ಯ ಅಷ್ಟು ಒಂಟಿಯಾಗಿ ಹೋಗುತ್ತಿರಲಿಲ್ಲವೇನೋ. ಕೇಳಿದವರು ಇಲ್ಲವಾದ ಮೇಲೆ ಹೇಳುತ್ತಿದ್ದೇನೆ... ನೋಡಿದ್ದೆ ಸಾರ್.