ದಾಕಿನ ಮೇಷ್ಟ್ರ ಎಂಟನೇ ದಿನ

ಅವರ ಎಡತೋಳಿನ ತುಂಬ ಕಾಸಿನಗಲದ ಗುರುತುಗಳಿದ್ದವು. ಮೊಣಕೈಯ ಮೇಲಿಂದ ಶುರುವಾಗಿ ಭುಜದವರೆಗೆ ಸಾಲುಸಾಲಾಗಿ. ಕೆಲವು ಬೆಳ್ಳಗೆ ಮಾಸಿದ್ದವು, ಕೆಲವು ಇನ್ನೂ ಕಂದು. ಮೊದಲ ಸಲ ನೋಡಿದಾಗ ಏನೋ ಚರ್ಮದ ಕಾಯಿಲೆ ಇರಬೇಕು ಎಂದುಕೊಂಡು ನಾನು ಅರ್ಧ ಹೆಜ್ಜೆ ಹಿಂದೆ ಸರಿದಿದ್ದೆ. ಅವರು ಷರ್ಟಿನ ತೋಳನ್ನು ಇನ್ನಷ್ಟು ಮೇಲಕ್ಕೆ ಮಡಚಿ, ಖಾಲಿ ಉಳಿದಿದ್ದ ಜಾಗವೊಂದನ್ನು ತೋರಿಸಿದರು.

"ಇಲ್ಲಿ ಹಾಕು ತಾಯಿ. ಮೊದಲ್ನೇದು ನನಗೇ. ನಿನ್ನ ಕೈ ಎಷ್ಟು ಭಾರ ಅಂತ ನನಗೆ ಗೊತ್ತಾಗ್ಲಿ, ಆಮೇಲೆ ಮಕ್ಕಳ ಹತ್ರ ಬಿಡ್ತೀನಿ."

ಸಿಡುಬು ಬಾರದ ಹಾಗೆ ತೋಳಿಗೆ ಹಾಕುವ ಮದ್ದಿಗೆ ಆಗ ನಮ್ಮ ಕಡೆ ದಾಕು ಎನ್ನುತ್ತಿದ್ದರು. ಹಿಡಿಯೊಂದರ ತುದಿಯಲ್ಲಿ ಸಣ್ಣ ಬಿಲ್ಲೆ, ಬಿಲ್ಲೆಯ ಮೇಲೆ ಮುಳ್ಳುಗಳು. ತೋಳಿನ ಮೇಲೆ ಒಂದು ಹನಿ ಮದ್ದಿಟ್ಟು, ಅದರ ಮೇಲೆ ಬಿಲ್ಲೆ ಒತ್ತಿ ತಿರುಗಿಸಬೇಕು. ಚರ್ಮ ಗೀರಬೇಕು, ರಕ್ತ ಸುರಿಯಬಾರದು. ನಾನು ತಿರುಗಿಸಿದ ರಭಸಕ್ಕೆ ಅವರ ತೋಳಿನಿಂದ ರಕ್ತ ಇಳಿದು ಪಂಚೆಯ ಮೇಲೆ ಬಿತ್ತು. ಅವರು ಮುಖ ಸಿಂಡರಿಸಲಿಲ್ಲ. "ನಿನ್ನ ಕೈಯಲ್ಲಿ ಕೋಪ ಇದೆಯಲ್ಲ ತಾಯಿ. ಮನೇಲಿ ಯಾರ ಜೊತೆಗಾದ್ರೂ ಜಗಳ ಆಡ್ಕೊಂಡು ಬಂದ್ಯಾ?" ಎಂದು ಕೇಳಿದರು. ಆಡಿಕೊಂಡೇ ಬಂದಿದ್ದೆ. ಹೆಣ್ಣುಮಗಳು ಮನೆಮನೆ ಅಲೆಯುವ ಕೆಲಸ ಯಾಕೆ ಎಂದು ಅಣ್ಣ ಬೆಳಿಗ್ಗೆ ಕೂಗಾಡಿದ್ದ. ಈ ಮನುಷ್ಯನಿಗೆ ಅದು ತೋಳಿನಲ್ಲೇ ತಿಳಿದುಹೋಯಿತಲ್ಲ ಎಂದು ನಾನು ಬೆರಗಾಗಿ ನಿಂತೆ.

ಇದೆಲ್ಲ ಅರವತ್ತರ ದಶಕದ ಮೊದಲ ವರ್ಷಗಳ ಮಾತು. ಜಯನಗರದ ಬಡಾವಣೆ ಇನ್ನೂ ಎದ್ದು ನಿಲ್ಲುತ್ತಿತ್ತು. ನಾಲ್ಕು ಮನೆ, ನಡುವೆ ಹತ್ತು ಖಾಲಿ ಸೈಟು. ನಮ್ಮ ಆರೋಗ್ಯ ಕೇಂದ್ರವೆಂದರೆ ಬಾಡಿಗೆ ಮನೆಯೊಂದರ ಎರಡು ಕೋಣೆ. ಅವರು ಶಾಲೆಯ ಮೇಷ್ಟ್ರಲ್ಲ, ಹಿರಿಯ ದಾಕು ಹಾಕುವವರು ಅಷ್ಟೆ. ಹೊಸಬರಿಗೆಲ್ಲ ಅವರೇ ಕೆಲಸ ಕಲಿಸುತ್ತಿದ್ದುದರಿಂದ ಡಾಕ್ಟರಿಂದ ಹಿಡಿದು ಕಸ ಗುಡಿಸುವಾಕೆಯವರೆಗೆ ಎಲ್ಲರ ಬಾಯಲ್ಲೂ ಮೇಷ್ಟ್ರಾಗಿದ್ದರು. ಆ ತೋಳಿನ ಒಂದೊಂದು ಗುರುತೂ ಅವರ ಒಬ್ಬೊಬ್ಬ ಶಿಷ್ಯರದು ಎಂದು ನನಗೆ ತಿಳಿದದ್ದು ಅಂದು ಸಂಜೆ. ಅಷ್ಟು ಜನರ ಒರಟು ಕೈಗೆ ತನ್ನ ತೋಳು ಕೊಟ್ಟವರನ್ನು ನಾನು ಅದಕ್ಕೆ ಮೊದಲು ಕಂಡಿರಲಿಲ್ಲ. ಆಮೇಲೂ ಕಂಡಿಲ್ಲ.

ಅವರಿಗೊಂದು ಸೈಕಲ್ ಇತ್ತು, ಆದರೆ ಹತ್ತುತ್ತಿರಲಿಲ್ಲ. ಹ್ಯಾಂಡಲಿಗೆ ಐಸು ತುಂಬಿದ ಫ್ಲಾಸ್ಕು, ಅದರೊಳಗೆ ಮದ್ದಿನ ಗಾಜಿನ ನಳಿಗೆಗಳು. ಕುಲುಕಿ ಒಡೆದಾವು ಎಂದು ಸೈಕಲನ್ನು ತಳ್ಳಿಕೊಂಡೇ ಸಿದ್ದಾಪುರದಿಂದ ಬನಶಂಕರಿಯ ಹಳ್ಳಿಗಳವರೆಗೆ ನಡೆಯುತ್ತಿದ್ದರು. "ಈ ಮದ್ದಿಗೆ ಜೀವ ಇದೆ, ಬಿಸಿಲಲ್ಲಿ ಸಾಯುತ್ತೆ" ಎನ್ನುವರು. ಒಂದು ಸಲ ಐಸು ಕರಗಿಹೋಗಿದ್ದನ್ನು ನೋಡಿ, ಸಾಲಿನಲ್ಲಿ ನಿಂತಿದ್ದ ಅಷ್ಟೂ ಜನರಿಗೆ ಕೈಮುಗಿದು ನಾಳೆ ಬನ್ನಿ ಎಂದು ವಾಪಸು ಕಳಿಸಿದರು. ಬೈಸಿಕೊಂಡದ್ದಕ್ಕೆ ಲೆಕ್ಕವಿಲ್ಲ. ನನಗಂತೂ ಆ ದಿನ ಅವರು ಹುಚ್ಚರೆಂದೇ ಅನಿಸಿತ್ತು.

ಬೇವಿನ ಸೊಪ್ಪು ಕಟ್ಟಿದ ಬಾಗಿಲು ಕಂಡರೆ ಒಳಗೆ ಅಮ್ಮ, ಅಂದರೆ ಸಿಡುಬು, ಬಂದಿದ್ದಾಳೆಂದು ಅರ್ಥ. ಅಲ್ಲಿ ಚಪ್ಪಲಿ ಬಿಟ್ಟು, ಹೊರಗಿನಿಂದಲೇ ಕೂಗಬೇಕು. ಮಗುವಿನ ಮೈಮೇಲೆ ಕಜ್ಜಿ ಇದ್ದರೆ ದಾಕು ಹಾಕಬಾರದು. ಮಗುವನ್ನು ತಾಯಿಯ ತೊಡೆಯಿಂದ ಎತ್ತಕೂಡದು. ಮಾತಿನಲ್ಲಿ ಅವರು ಕಟ್ಟುನಿಟ್ಟಾಗಿ ತಡೆಯುತ್ತಿದ್ದುದು ಒಂದೇ ಒಂದನ್ನು.

"ಏನೂ ಆಗಲ್ಲ ಅಂತ ಮಾತ್ರ ಹೇಳ್ಬೇಡ. ಜ್ವರ ಬರುತ್ತೆ ಅನ್ನು, ತೋಳು ಊದುತ್ತೆ ಅನ್ನು, ಮಗು ಎರಡು ದಿನ ರಚ್ಚೆ ಹಿಡಿಯುತ್ತೆ ಅನ್ನು. ಏನೂ ಆಗಲ್ಲ ಅಂತ ಹೇಳಿ ಬಂದ ಮನೇಲಿ ನಾಳೆ ಜ್ವರ ಬಂದ್ರೆ ನಿನ್ನ ಮುಖ ನೋಡ್ತಾರಾ ಅವ್ರು?"

ಎಲ್ಲಕ್ಕಿಂತ ಮುಖ್ಯ ಎಂಟನೇ ದಿನ. ದಾಕು ಹಾಕಿದ ಎಂಟನೇ ದಿನ ಮತ್ತೆ ಅದೇ ಮನೆಗೆ ಹೋಗಿ ತೋಳು ನೋಡಲೇಬೇಕು. ಕೀವು ತುಂಬಿದ ಗುಳ್ಳೆ ಎದ್ದಿದ್ದರೆ ಮದ್ದು ಹಿಡಿದಿದೆ, ಮಗು ಬಚಾವು. ಏಳದಿದ್ದರೆ ಹಾಕಿದ್ದೂ ಒಂದೇ, ಬಿಟ್ಟಿದ್ದೂ ಒಂದೇ. ಉಳಿದ ಕಡೆ ಎಷ್ಟೋ ಜನ ಕೂತಲ್ಲೇ "ಎದ್ದಿದೆ" ಎಂದು ಬರೆದುಕೊಳ್ಳುತ್ತಿದ್ದರಂತೆ. ಮೇಷ್ಟ್ರು ಕಣ್ಣಾರೆ ಕಾಣದೆ ಆ ಪದ ಬರೆದವರಲ್ಲ.

ಇನ್ನು ನನ್ನ ಘನಕಾರ್ಯ ಹೇಳುತ್ತೇನೆ. ತೋಳನ್ನು ನೀರಿನಲ್ಲಿ ಒರೆಸಿ ಒಣಗಲು ಬಿಡಬೇಕು, ಸ್ಪಿರಿಟ್ ಬೇಡ ಎಂದು ಮೇಷ್ಟ್ರು ಹೇಳಿದ್ದರು. ನಾನು ಹಾಗೇ ಮಾಡುತ್ತಿದ್ದೆ. ಒಂದು ದಿನ ಜಯನಗರದ ದೊಡ್ಡ ಮನೆಯೊಂದರಲ್ಲಿ ಆ ಮನೆಯಾಕೆ ನನ್ನನ್ನು ಮೇಲಿಂದ ಕೆಳಗೆ ನೋಡಿ, "ಏನಮ್ಮ, ಬರೀ ನೀರಲ್ಲಿ ಒರೆಸ್ತೀಯಲ್ಲ? ನಮ್ಮ ಡಾಕ್ಟ್ರು ಸ್ಪಿರಿಟ್ ಇಲ್ದೆ ಸೂಜೀನೇ ಮುಟ್ಟಲ್ಲ. ನೀನು ಓದಿದೀಯೋ ಇಲ್ವೋ?" ಎಂದುಬಿಟ್ಟರು. ನನಗೆ ಮೈಯೆಲ್ಲ ಉರಿದುಹೋಯಿತು. ಹತ್ತನೇ ಕ್ಲಾಸು ಪಾಸು ಮಾಡಿದ ನನಗೆ ಈ ಮಾತೇ? ಮಾರನೇ ದಿನವೇ ಔಷಧಿ ಅಂಗಡಿಯಿಂದ ಒಂದು ಸೀಸೆ ಸ್ಪಿರಿಟ್ ತಂದು ಚೀಲದಲ್ಲಿ ಇಟ್ಟುಕೊಂಡೆ.

ಅದಾದ ಎರಡು ದಿನಕ್ಕೆ ಸಿದ್ದಾಪುರದಲ್ಲಿ, ಸೊಪ್ಪು ಬೆಳೆಯುವ ರೈತರ ಬೀದಿಯಲ್ಲಿ, ನಾನೊಬ್ಬಳೇ ಇಪ್ಪತ್ತಾರು ಮಕ್ಕಳಿಗೆ ದಾಕು ಹಾಕಿದೆ. ಪ್ರತಿ ತೋಳನ್ನೂ ಸ್ಪಿರಿಟ್ಟಿನಲ್ಲಿ ಚೆನ್ನಾಗಿ ತೋಯಿಸಿ, ಅದು ಆರುವ ಮೊದಲೇ ಮದ್ದಿನ ಹನಿ ಇಟ್ಟೆ. ಘಮ್ಮೆಂದು ಆಸ್ಪತ್ರೆಯ ವಾಸನೆ. ಹೆಂಗಸರು ನನ್ನನ್ನು ಡಾಕ್ಟ್ರಮ್ಮ ಎಂದು ಕರೆದರು. ಅಂದು ನಾನು ನೆಲದ ಮೇಲೆ ನಡೆದು ಮನೆಗೆ ಬಂದೆನೆಂದು ಹೇಳಲಾರೆ.

ಎಂಟನೇ ದಿನ ಮೇಷ್ಟ್ರೂ ಜೊತೆಗೆ ಬಂದರು. ಮೊದಲ ಮನೆಯ ಮಗುವಿನ ತೋಳಿನಲ್ಲಿ ಒಣಗಿದ ಗೀರು, ಮತ್ತೇನೂ ಇಲ್ಲ. ಎರಡನೆಯದರಲ್ಲೂ ಇಲ್ಲ. ಐದನೇ ಮನೆಯವರೆಗೂ ಅದೇ ಕತೆ. ಮೇಷ್ಟ್ರು ಸೈಕಲನ್ನು ಗೋಡೆಗೆ ಒರಗಿಸಿ ಕೇಳಿದರು.

"ತೋಳು ಯಾತರಲ್ಲಿ ಒರೆಸ್ದೆ?"

ನಾನು ಸೀಸೆ ತೆಗೆದು ತೋರಿಸಿದೆ. ಅವರು ಅದನ್ನು ಕೈಗೆ ತೆಗೆದುಕೊಂಡು, ಬಿರಡೆ ಬಿಚ್ಚಿ ಮೂಸಿ ನೋಡಿದರು.

"ಸ್ಪಿರಿಟ್ಟು ಕ್ರಿಮಿ ಕೊಲ್ಲುತ್ತೆ ಅಲ್ವೇನಮ್ಮ? ನಮ್ಮ ಮದ್ದೂ ಜೀವ ಇರೋದೇ. ಅದನ್ನೂ ಕೊಂದುಬಿಡ್ತು."

ಅದೇ ವಾರ ಪಕ್ಕದ ಬೀದಿಯಲ್ಲಿ, ಹೊರ ಊರಿನಿಂದ ಬಂದ ಗಾರೆ ಕೆಲಸದವನೊಬ್ಬನಿಗೆ ಸಿಡುಬು ಎದ್ದಿತ್ತು. ಇಪ್ಪತ್ತಾರು ಮಕ್ಕಳ ತಾಯಂದಿರು, ದಾಕು ಆಗಿದೆಯಲ್ಲ ಎಂಬ ಧೈರ್ಯದಲ್ಲಿ ಮಕ್ಕಳನ್ನು ಬೀದಿಯಲ್ಲಿ ಆಡಲು ಬಿಟ್ಟಿದ್ದರು. ನಾಚಿಕೆ ಬಿಟ್ಟು ಹೇಳುತ್ತೇನೆ, ಆಗ ನನಗೆ ಮೊದಲು ತೋಚಿದ್ದು ಮಕ್ಕಳ ಗತಿಯಲ್ಲ, ನನ್ನ ಗತಿ. "ಮದ್ದು ಕೆಟ್ಟಿತ್ತು ಅಂದ್ಬಿಡೋಣ ಮೇಷ್ಟ್ರೇ" ಎಂದೆ.

"ಮದ್ದು ಕೆಟ್ಟಿತ್ತು ಅಂದ್ರೆ ನಾಳೆ ಒಳ್ಳೆ ಮದ್ದು ತಂದಾಗ್ಲೂ ಬೇಡ ಅಂತಾರೆ. ನಾವು ತಪ್ಪು ಮಾಡಿದ್ವಿ ಅಂದ್ರೆ ನಮ್ಮನ್ನ ಬೈತಾರೆ. ಯಾವುದು ವಾಸಿ, ನೀನೇ ಹೇಳು." ಮತ್ತೆ, "ನಿನ್ನ ತಪ್ಪಿಗಿಂತ ನಂದೇ ಜಾಸ್ತಿ. ಐಸು ಯಾಕೆ ಅಂತ ಹೇಳ್ದೆ. ಸ್ಪಿರಿಟ್ ಬೇಡ ಅಂದೆ, ಯಾಕೆ ಬೇಡ ಅಂತ ಹೇಳ್ಲಿಲ್ಲ" ಎಂದರು.

ಅವರು ಬೈದಿದ್ದರೆ ನಾನು ಹೇಗೋ ತಡೆದುಕೊಳ್ಳುತ್ತಿದ್ದೆ. ಈ ಮಾತಿಗೆ ಮಾತ್ರ ನನಗೆ ಅಳು ಬಂತು.

ಅಂದಿನಿಂದಲೇ ಒಂದೊಂದು ಬಾಗಿಲಿಗೂ ಹೋದೆವು. ಎಲ್ಲ ಕಡೆ ಅವರದು ಒಂದೇ ಮಾತು. "ಹೋದ ವಾರ ನಾವು ಹಾಕಿದ ದಾಕು ಹಿಡೀಲಿಲ್ಲ. ತಪ್ಪು ನಮ್ದು. ಮಗೀಗೆ ಈಗ ಯಾವ ರಕ್ಷಣೇನೂ ಇಲ್ಲ. ಇನ್ನೊಂದ್ಸಲ ಹಾಕ್ಬೇಕು. ಬಲವಂತ ಇಲ್ಲ, ಆದ್ರೆ ಪಕ್ಕದ ಬೀದೀಲಿ ಅಮ್ಮ ಬಂದಿರೋದು ಯೋಚ್ನೆ ಮಾಡಿ." ಕೆಲವರು ಕೂಗಾಡಿದರು. ಒಬ್ಬ ಅವರ ಫ್ಲಾಸ್ಕನ್ನೇ ಕಿತ್ತುಕೊಳ್ಳಲು ಬಂದ. ಮೇಷ್ಟ್ರು ಎಲ್ಲವನ್ನೂ ಕೇಳಿಸಿಕೊಂಡು ಅಲ್ಲೇ ನಿಂತಿರುತ್ತಿದ್ದರು. ಕೂಗಿ ಸುಸ್ತಾದವರು ಕೊನೆಗೆ ಮಗುವನ್ನು ತೊಡೆಯ ಮೇಲೆ ಕೂರಿಸಿಕೊಂಡರು. ಎರಡು ದಿನದಲ್ಲಿ ಇಪ್ಪತ್ತೈದು ಮಕ್ಕಳಿಗೆ ಮತ್ತೆ ದಾಕು ಆಯಿತು.

ಉಳಿದದ್ದು ಒಂದು, ಬೀದಿಯ ಕೊನೆಯ ಮನೆಯ ಮೂರು ವರ್ಷದ ಹುಡುಗಿ. ಅವಳ ಅಜ್ಜಿ ಬಾಗಿಲಿಗೆ ಅಡ್ಡ ನಿಂತು, "ಒಂದ್ಸಲ ಅಳ್ಸಿದ್ದು ಸಾಲ್ದಾ? ನಿಮ್ಗೆ ಕೆಲ್ಸ ಕಲಿಯಕ್ಕೆ ನಮ್ಮ ಮಗೀನೇ ಸಿಕ್ಕಿದ್ದಾ?" ಎಂದಳು. ಮೇಷ್ಟ್ರು ಜಗಲಿಯ ತುದಿಯಲ್ಲಿ ಕೂತರು. ಸಂಜೆಯವರೆಗೆ ಕೂತು, ಎದ್ದು ಬಂದರು. ಮಾರನೇ ದಿನವೂ ಹೋಗಿ ಕೂತರು. ಐವತ್ತು ದಾಟಿದ ಮನುಷ್ಯ, ಆ ಮುದುಕಿಯ ಬೈಗುಳದ ಕೆಳಗೆ ತಲೆಬಾಗಿಸಿ ಕೂತಿದ್ದನ್ನು ಎರಡು ದಿನ ನೋಡಿದೆ. ಮೂರನೇ ದಿನ ನನ್ನಿಂದ ಆಗಲಿಲ್ಲ. ಮುಂದೆ ಹೋಗಿ ನಿಂತೆ.

"ಅವ್ವಾ, ತಪ್ಪು ಇವರದಲ್ಲ. ಇವ್ರು ಬೇಡ ಅಂದಿದ್ರು. ಡಾಕ್ಟ್ರ ಥರ ಕಾಣ್ಬೇಕು ಅಂತ ನಾನೇ ಸ್ಪಿರಿಟ್ ತಂದು ಮದ್ದು ಸಾಯಿಸ್ದೆ. ಬೈಯೋದಿದ್ರೆ ನನ್ನ ಬೈಯಿರಿ. ಮಗೀನ ಮಾತ್ರ ತೋರ್ಸಿ."

ಆಕೆ ಬೈದಳು. ಹಾಗೆ ಬೈಯುವ ವಿದ್ಯೆ ಈಗಿನವರಿಗೆ ಬರುವುದಿಲ್ಲ. ಆ ಬೈಗುಳದಲ್ಲಿ ನನ್ನ ಹೆತ್ತವರೂ ಬಂದರು, ನನ್ನ ಜಡೆಯೂ ಬಂತು. ಎಲ್ಲ ಮುಗಿದ ಮೇಲೆ ಸೆರಗಿನಿಂದ ಬಾಯಿ ಒರೆಸಿಕೊಂಡು, "ಈಗ ಹಾಕೋರು ಯಾರು?" ಎಂದು ಮೇಷ್ಟ್ರನ್ನು ಕೇಳಿದಳು.

"ಇವಳೇ."

"ಇವಳಾ?"

"ಹೂಂ ಅವ್ವ. ನಾನಾದ್ರೂ ಆ ತಪ್ಪು ಮಾಡಬಹುದು, ಇವಳು ಇನ್ನು ಮಾಡಲ್ಲ."

ಅಷ್ಟು ದೊಡ್ಡ ಮಾತಿಗೆ ನಾನು ಯೋಗ್ಯಳಾಗಿರಲಿಲ್ಲ. ಆದರೂ ನೀರಿನಲ್ಲಿ ಒರೆಸಿ, ಒಣಗಲು ಬಿಟ್ಟು, ಹನಿ ಇಟ್ಟು, ಹಗುರವಾಗಿ ತಿರುಗಿಸಿದೆ. ಜ್ವರ ಬರುತ್ತದೆ, ತೋಳು ಊದುತ್ತದೆ, ಗುಳ್ಳೆ ಒಡೆಯಬೇಡಿ, ಅರಿಸಿನ ಮೆತ್ತಬೇಡಿ ಎಂದೆಲ್ಲ ಹೇಳಿ ಬಂದೆ.

ಆರನೇ ದಿನ ಆ ಮನೆಯ ಬಾಗಿಲಿಗೆ ಬೇವಿನ ಸೊಪ್ಪು ಕಟ್ಟಿದ್ದಾರೆಂದು ಸುದ್ದಿ ಬಂತು. ಹುಡುಗಿಯ ಚಿಕ್ಕಪ್ಪನಿಗೆ ಸಿಡುಬು. ಆತ ಆ ಗಾರೆಯವನ ಜೊತೆಯೇ ಕೆಲಸ ಮಾಡಿದವನು. ದಾಕು ಹಾಕಿಸಿಕೋ ಎಂದು ಮೇಷ್ಟ್ರು ಕೇಳಿಕೊಂಡಿದ್ದಕ್ಕೆ ನಕ್ಕು ಹೋಗಿದ್ದ. ಇರುವುದು ಒಂದೇ ಕೋಣೆಯ ಮನೆ. ಹುಡುಗಿ ಅವನ ಪಕ್ಕದಲ್ಲೇ ಮಲಗುತ್ತಿದ್ದಳು.

ಆಮೇಲಿನ ಎರಡು ದಿನ ನಾನು ಅನ್ನ ನೀರು ಸರಿಯಾಗಿ ಮುಟ್ಟಲಿಲ್ಲ. ಎಂಟನೇ ದಿನ ಮೇಷ್ಟ್ರು, ಸೈಕಲ್ಲಿನ ಪಕ್ಕ ನಿಂತುಕೊಂಡು, "ನೀನೇ ಹೋಗಿ ನೋಡು" ಎಂದರು. ಚಪ್ಪಲಿ ಬಿಟ್ಟು ಹೊರಗಿನಿಂದ ಕೂಗಿದೆ. ಅಜ್ಜಿ ಹುಡುಗಿಯನ್ನು ಸೊಂಟದ ಮೇಲೆ ಕೂರಿಸಿಕೊಂಡು ಹೊಸ್ತಿಲಿಗೆ ಬಂದು, ಅವಳ ತೋಳು ತಿರುಗಿಸಿ ತೋರಿಸಿದಳು. ನಡುವೆ ಕುಳಿ ಬಿದ್ದು, ಸುತ್ತ ಕೆಂಪಾಗಿ, ಕೀವು ತುಂಬಿದ ದುಂಡನೆಯ ಗುಳ್ಳೆ. ಜೀವನದಲ್ಲಿ ನಾನು ಅಷ್ಟು ಚೆಂದದ ಹುಣ್ಣು ನೋಡಿಲ್ಲ. ಕಣ್ಣೊರೆಸಿಕೊಳ್ಳುತ್ತ ಮೇಷ್ಟ್ರ ಕಡೆ ತಿರುಗಿದೆ.

"ಎದ್ದಿದ್ಯಾ?"

ತಲೆಯಾಡಿಸಿದೆ.

"ಮತ್ತೆ ಅಳ್ತಾ ಯಾಕೆ ನಿಂತೆ? ಬರ್ಕೋ" ಎಂದರು. ಅವರ ಕಣ್ಣೂ ಒದ್ದೆಯಾಗಿತ್ತು.

ಚಿಕ್ಕಪ್ಪ ಮುಖದ ತುಂಬ ಕಲೆ ಹೊತ್ತು ಬದುಕಿಕೊಂಡ. ಹುಡುಗಿಯ ಮೈಮೇಲೆ ಒಂದು ಗುಳ್ಳೆಯೂ ಏಳಲಿಲ್ಲ. ಆ ಬೀದಿಯ ಇಪ್ಪತ್ತಾರರಲ್ಲಿ ಯಾರಿಗೂ ಏನೂ ಆಗಲಿಲ್ಲ. ತಿಂಗಳ ಮೀಟಿಂಗಿನಲ್ಲಿ ಡಾಕ್ಟರು ಇದು ಯಾರ ತಪ್ಪು ಎಂದು ಕೇಳಿದಾಗ ಮೇಷ್ಟ್ರು ನನಗಿಂತ ಮೊದಲು ಎದ್ದು, "ಕಲಿಸಿದ್ದು ನಾನು ಸಾರ್" ಎಂದಷ್ಟೇ ಹೇಳಿ ಕೂತರು. ಅಲ್ಲಿಂದ ಮುಂದೆ ನಾನೂ ಹೊಸಬರಿಗೆ ಕಲಿಸುವ ಕಾಲ ಬಂದಾಗ, ಬೇಡ ಎಂದ ಪ್ರತಿಯೊಂದಕ್ಕೂ ಯಾಕೆ ಬೇಡ ಎಂದು ಹೇಳದೆ ಬಿಟ್ಟಿಲ್ಲ. ಕೆಲಸದಲ್ಲಿ ನಾನು ಏನಾದರೂ ಆಗಿದ್ದರೆ ಅದು ಅವರಿಂದ.

ಅರವತ್ತರ ದಶಕ ಮುಗಿಯುವ ಹೊತ್ತಿಗೆ, ನಿವೃತ್ತರಾಗಿ ವರ್ಷ ತುಂಬುವ ಮೊದಲೇ, ಅವರು ಶ್ರೀನಗರದ ತಮ್ಮ ಸಣ್ಣ ಮನೆಯಲ್ಲಿ ಎದೆನೋವಿನಿಂದ ತೀರಿಕೊಂಡರು. ಸಿಡುಬು ಈ ದೇಶದಿಂದಲೇ ತೊಲಗಿತೆಂಬ ಸುದ್ದಿ ಕೇಳಲು ಅವರು ಉಳಿಯಲಿಲ್ಲ. ನನಗೆ ಅದೊಂದು ಕೊರಗು ಇವತ್ತಿಗೂ ಇದೆ.

ಅವರು ತೀರಿಕೊಂಡ ದಿನ ನಾನು ಹೋದಾಗ ಗೇಟಿನ ಹತ್ತಿರ ಸಿದ್ದಾಪುರದ ಆ ಅಜ್ಜಿ ನಿಂತಿದ್ದಳು, ಪಕ್ಕದಲ್ಲಿ ಎರಡು ಜಡೆಯ ಹುಡುಗಿ. ಅಷ್ಟು ದೂರ ನಡೆದೇ ಬಂದಿದ್ದರು. ನನ್ನ ಗುರುತು ಹಿಡಿದು ಕೈ ಹಿಡಿದುಕೊಂಡಳು.

"ಸರ್ಕಾರದೋರು ನಮ್ಮ ಬಾಗ್ಲಿಗೆ ಬೇಕಾದಷ್ಟು ಜನ ಬಂದವ್ರೆ ಕಣವ್ವ. ಕಂದಾಯ ಕೇಳಕ್ಕೆ ಬಂದ್ರು, ಬಡಾವಣೆಗೆ ಅಂತ ಹೊಲ ಅಳೆಯಕ್ಕೆ ಬಂದ್ರು. ತಪ್ಪು ನಮ್ದು ಅಂತ ಹೇಳಕ್ಕೆ ಬಂದೋನು ಇವನೊಬ್ನೇಯ."

ಆ ತಪ್ಪು ಅವರದಾಗಿರಲಿಲ್ಲ ಎಂದು ನಮ್ಮಿಬ್ಬರಿಗೂ ಗೊತ್ತಿತ್ತು. ಹುಡುಗಿಯನ್ನು ನಡುವೆ ಕರೆದುಕೊಂಡು ಅವರನ್ನು ನೋಡಲು ಒಳಗೆ ಹೋದೆವು.