ಬಸ್‌ಸ್ಟ್ಯಾಂಡ್ ಎಂದವಳು ನಾನು

ಎಲುಬು ಮುರಿಯುವ ಸದ್ದು ಮೈದಾನದ ಅಂಚಿನವರೆಗೂ ಕೇಳುತ್ತದೆ ಎಂದು ನನಗೆ ಗೊತ್ತಿರಲಿಲ್ಲ. ಮಡ್ಕಯಿಯ ಕಾರ್ಖಾನೆಗಳ ಹಿಂದಿನ ಕೆಂಪು ಮೈದಾನದಲ್ಲಿ ಭಾನುವಾರ ಮಧ್ಯಾಹ್ನದ ಫುಟ್ಬಾಲ್. ಪ್ಯಾಕಿಂಗ್ ವಿಭಾಗದ ತಂಡದ ಡಿಫೆಂಡರ್ ಮೂಲೆಯ ಬಾವುಟದ ಬಿದಿರು ಕಿತ್ತು ಎದುರು ತಂಡದ ವೆಲ್ಡರನ ಬಲಗೈ ಮೇಲೆ ಬೀಸಿದ. ಬಿದ್ದವನ ಬೆನ್ನಿಗೆ ಮತ್ತೆರಡು ಏಟು ಹಾಕಿದ. ಆಮೇಲೆ ವೆಲ್ಡರನ ಕಡೆಯವರು ನಾಲ್ವರು ಡಿಫೆಂಡರನನ್ನು ಕೆಡವಿ ಬೂಟುಗಾಲಿನಿಂದ ಮುಖಕ್ಕೆ ಒದ್ದರು. ತುಟಿ ಹರಿದು ಹಲ್ಲು ಕಂಡಿತು. ನಾನು ಕೊಡೆ ಹಿಡಿದು ನಿಂತಿದ್ದೆ. "ಬಿಡ್ರಿ, ಸಾಕು ಬಿಡ್ರಿ" ಎಂದು ಕೂಗಿದೆನಂತೆ. ನನಗೆ ನೆನಪಿಲ್ಲ.

ಇಬ್ಬರೂ ನನ್ನ ಸಭೆಯವರು. ಗೋದಾಮೊಂದರ ಮೇಲಿನ ಬಾಡಿಗೆ ಕೋಣೆಯಲ್ಲಿ ಸೇರುವ ಚಿಕ್ಕ ಕನ್ನಡ ಕ್ರೈಸ್ತ ಸಭೆಗೆ ನಾನು ಪಾಸ್ಟರ್. ಎಲ್ಲರೂ ಗದಗ, ವಿಜಯಪುರ ಕಡೆಯಿಂದ ರಾಜ್ಯದ ಗಡಿ ದಾಟಿ ದುಡಿಯಲು ಬಂದವರು. ಬೈಬಲ್ ಪ್ರಸಂಗಕ್ಕೆ ಮೊದಲು ಐದು ನಿಮಿಷ ನಾನು ಆ ವಾರದ ಆಟ, ಪತ್ರಿಕೆಯ ಸುದ್ದಿ, ಟೊಮೆಟೊ ದರ, ಬಸ್ಸಿನಲ್ಲಿ ಕೇಳಿದ ಜಗಳ ಎಂದು ಏನಾದರೂ ಮಾತಾಡುತ್ತೇನೆ. ನನ್ನದು ಮಾತು ಕಡಿಮೆ. ಆ ಐದು ನಿಮಿಷವನ್ನು ಶನಿವಾರವೇ ಬರೆದು ಬಾಯಿಪಾಠ ಮಾಡಿರುತ್ತೇನೆ. ಜನ ನಕ್ಕರೆ ಮುಂದಿನದಕ್ಕೆ ಧೈರ್ಯ ಬರುತ್ತದೆ.

ಹೊಡೆದಾಟದ ಮ್ಯಾಚಿನ ಹಿಂದಿನ ಭಾನುವಾರ, ಅದಕ್ಕೂ ಮುಂಚಿನ ಆಟದ ಬಗ್ಗೆ ನಾನು ಹೇಳಿದ್ದು ಇಷ್ಟು: "ಪ್ಯಾಕಿಂಗ್‌ನವರ ಡಿಫೆನ್ಸ್ ಬಸ್‌ಸ್ಟ್ಯಾಂಡ್ ಇದ್ದಂಗಿತ್ರಿ. ಬಂದವರೆಲ್ಲ ಆರಾಮ ಹಾದು ಹೋದ್ರು."

ಕೋಣೆಯೆಲ್ಲ ನಕ್ಕಿತು. ನಾನು ಹೆಸರು ಹೇಳಿರಲಿಲ್ಲ. ಆದರೆ ಎಲ್ಲರೂ ಮೂರನೇ ಸಾಲಿಗೆ ತಿರುಗಿದರು. ಅಲ್ಲಿ ಕೂತಿದ್ದ ಡಿಫೆಂಡರನೂ ನಕ್ಕ.

ವಾರವಿಡೀ ಕಾರ್ಖಾನೆಯಲ್ಲಿ ಅವನಿಗೆ ಅದೇ ಹೆಸರು. ಮ್ಯಾಚಿನಲ್ಲಿ ಗೋಲು ಹೊಡೆದ ವೆಲ್ಡರ್ ಅವನೆದುರು ನಿಂತು, "ಏ ಬಸ್‌ಸ್ಟ್ಯಾಂಡ, ಹುಬ್ಬಳ್ಳಿ ಗಾಡಿ ಎಷ್ಟಕ್ಕೈತಲೇ?" ಎಂದ. ಆಗಲೇ ಬಿದಿರು ಕಿತ್ತದ್ದು.

ಮುಂದಿನ ಭಾನುವಾರ ಕರ್ತನ ಭೋಜನವಿತ್ತು, ಎಲ್ಲರೂ ಒಂದೇ ರೊಟ್ಟಿ ಹಂಚಿಕೊಳ್ಳುವ ದಿನ. ನಮ್ಮ ಸಭೆಯಲ್ಲೊಂದು ಪದ್ಧತಿಯಿದೆ. ಮನಸ್ತಾಪ ಇದ್ದವರು ಎಲ್ಲರೆದುರು ಕೈ ಹಿಡಿದುಕೊಳ್ಳದೆ ರೊಟ್ಟಿ ಮುಟ್ಟುವಂತಿಲ್ಲ. ವೆಲ್ಡರ್ ಪ್ಲಾಸ್ಟರ್ ಹಾಕಿದ ಕೈಯನ್ನು ಎದೆಗೆ ಕಟ್ಟಿಕೊಂಡು ಮುಂದೆ ಕೂತಿದ್ದ. ಡಿಫೆಂಡರ್ ಹೊರಗೆ ಮೆಟ್ಟಿಲ ಮೇಲೆಯೇ ಉಳಿದ.

"ಅವನ್ನ ಸಭಾದಿಂದ ತಗದ ಹಾಕ್ರಿ ಪಾಸ್ಟರಮ್ಮಾರ," ಎಂದರು ಹಿರಿಯರೊಬ್ಬರು. "ದುಡಿಯೂ ಕೈ ಮುರದಾನ."

ನಾನು ಮೆಟ್ಟಿಲಿಗೆ ಹೋಗಿ ಒಳಗೆ ಕರೆದೆ. ಹೊಲಿಗೆ ಹಾಕಿದ ತುಟಿ ಹೆಚ್ಚು ತೆರೆಯದೆ ಅವನು ಹೇಳಿದ: "ಹೊಡದಿದ್ದಕ್ಕ ಬೈರಿ, ಬೈಸ್ಕೋತೀನಿ. ಒಳಗ ಬಂದ್ರ ಮತ್ತ ನಗ್ತಾರ್ರಿ."

ಒಳಗೆ ಬಂದೆ. ಬಾಯಿಪಾಠ ಮಾಡಿದ್ದ ಐದು ನಿಮಿಷದ ಮಾತು ಬೇಡವೆನಿಸಿತು. "ಆ ಹೆಸರು ಇಟ್ಟಾಕಿ ನಾನು," ಎಂದೆ. "ಅವಂದು ನಂದು ಲೆಕ್ಕ ಹರಿಯೂತನಕ ನಾನೂ ರೊಟ್ಟಿ ಮುಟ್ಟಂಗಿಲ್ಲ."

ವೆಲ್ಡರ್ ಎದ್ದು ಬಾಗಿಲಿಗೆ ಹೋದ. ಎಡಗೈ ಎತ್ತಿ, ಮೆಟ್ಟಿಲ ಮೇಲಿದ್ದವನ ಕೆನ್ನೆಗೆ ಬಲವಾಗಿ ಬಾರಿಸಿದ. ಹೊಲಿಗೆ ಬಿಚ್ಚಿ ಬಿಳಿ ಅಂಗಿಯ ಮೇಲೆ ರಕ್ತ ಇಳಿಯಿತು. ಡಿಫೆಂಡರ್ ಕೈ ಎತ್ತಲಿಲ್ಲ.

"ಈಗ ಬಾರಲೇ," ಎಂದು ವೆಲ್ಡರ್ ಅದೇ ಎಡಗೈಯನ್ನು ಮುಂದೆ ಚಾಚಿದ.

ಅವನು ಹಿಡಿದ. ಇಬ್ಬರೂ ಒಳಗೆ ಬಂದರು. ಯಾರೂ ನಗಲಿಲ್ಲ. ನಾನೂ ಕೈ ಚಾಚಿದೆ. ಡಿಫೆಂಡರ್ ಅದನ್ನು ನೋಡಿದ, ನೋಡಿ ಮೂರನೇ ಸಾಲಿಗೆ ಹೋಗಿ ಕೂತ.

ರೊಟ್ಟಿಯ ತಟ್ಟೆ ಕೈಯಿಂದ ಕೈಗೆ ಹೋಯಿತು. ಕರವಸ್ತ್ರವನ್ನು ಬಾಯಿಗೆ ಒತ್ತಿಕೊಂಡಿದ್ದ ಅವನು ತುಂಡು ತೆಗೆದುಕೊಳ್ಳದೆ ತಟ್ಟೆಯನ್ನು ಪಕ್ಕದವರಿಗೆ ದಾಟಿಸಿದ. ಅದು ನನ್ನ ಬಳಿ ಮರಳಿದಾಗ ಎರಡು ತುಂಡು ಉಳಿದಿದ್ದವು. ನಾನು ತಟ್ಟೆಗೆ ಬಟ್ಟೆ ಮುಚ್ಚಿದೆ.