ಕೊಡೆಕಡ್ಡಿಯ ಹಳಿ

ಮೊನ್ನೆ ಶಿರಸಿ ಪೇಟೆಯ ಮೊಬೈಲ್ ರಿಪೇರಿ ಅಂಗಡಿಯಲ್ಲಿ ಫೋನು ಸರಿಯಾಗಿ ಕೈಗೆ ಬಂದ ಮೇಲೂ ನಾನು ಕದಲಲಿಲ್ಲ. ಅಂಗಡಿಯವರು ಇನ್ಯಾರದೋ ಫೋನಿಗೆ ಬೆಸುಗೆ ಹಾಕುತ್ತಿದ್ದರು. ಕಾದ ತುದಿ ರಾಳಕ್ಕೆ ತಾಗಿದೊಡನೆ ಸುಯ್ಯೆಂದು ಒಂದೆಳೆ ಹೊಗೆ ಎದ್ದು ಮೂಗಿಗೆ ಬಂತು. ಸಾಲಿನಲ್ಲಿ ಹಿಂದೆ ನಿಂತವರು ಕೆಮ್ಮಿದರು. ನಾನು ಮಾತ್ರ ಇನ್ನಷ್ಟು ಮುಂದಕ್ಕೆ ಬಾಗಿದೆ.

“ಇನ್ನೆಂತ ಆಗ್ಬೇಕಿತ್ತು ಅಮ್ಮಾ?” ಎಂದು ಅಂಗಡಿಯವರು ಕೇಳಿದರು.

“ಎಂತದೂ ಇಲ್ಲ. ವಾಸ್ನೆ ತಕಳ್ತಿದ್ದೆ” ಎಂದೆ.

ಅವರು ನನ್ನನ್ನು ನೋಡಿದ ರೀತಿ ನನಗೆ ಹೊಸತಲ್ಲ. ಅದೇ ನೋಟವನ್ನು ಎಷ್ಟೋ ವರ್ಷ ನೋಡಿದವಳು ನಾನು. ಮದುವೆಯ ರವಿಕೆಗೆ ಅಳತೆ ಕೊಡಲು ಬಂದ ಹೆಂಗಸರು ಮನೆಯ ಮುಂಭಾಗದಲ್ಲೇ ಇದ್ದ ನನ್ನ ಹೊಲಿಗೆ ಅಂಗಡಿಯ ಹಿಂದಿನ ಕೋಣೆಗೆ ಇಣುಕಿ, ಅಲ್ಲಿ ಎಂಟಡಿ ಉದ್ದದ ಹಲಗೆಯ ಮೇಲೆ ಓಡುತ್ತಿದ್ದ ರೈಲನ್ನು ಕಂಡು, ಆಮೇಲೆ ನನ್ನ ಮುಖ ನೋಡುತ್ತಿದ್ದುದು ಹೀಗೆಯೇ. ಇವಳ ಕೈಗೆ ಬಟ್ಟೆ ಕೊಡಬಹುದೋ ಬಾರದೋ ಎಂಬ ನೋಟ ಅದು.

ಹೇಗೆ ಹತ್ತಿತು ಈ ಹುಚ್ಚು ಎಂದು ನೀವು ಕೇಳಬಹುದು. ತೊಂಬತ್ತರ ದಶಕದ ಮಾತು. ತಾಳಗುಪ್ಪದಲ್ಲಿ ನೆಂಟರ ಮನೆಯ ಮದುವೆಗೆ ಹೋಗಿದ್ದೆ. ಊಟದ ಪಂಕ್ತಿಗೆ ಇನ್ನೂ ಹೊತ್ತಿದೆ ಎಂದು ಯಾರೋ ಸ್ಟೇಷನ್ನಿನ ಕಡೆ ಕರೆದುಕೊಂಡು ಹೋದರು. ಅಷ್ಟರಲ್ಲಿ ಬಸ್ಸಿನಂತಹ ಒಂದೇ ಒಂದು ಡಬ್ಬಿ ಹಳಿಯ ಮೇಲೆ ತೂಗಾಡುತ್ತ ಬಂದು ನಿಂತಿತು. ಮೂವತ್ತಾರು ವರ್ಷಕ್ಕೆ ನಾನು ಕಣ್ಣಾರೆ ಕಂಡ ಮೊದಲ ರೈಲು ಅದು. ಎಲ್ಲರೂ ಇಳಿದು ಹೋದರು. ನಾನು ಮಾತ್ರ ಪ್ಲಾಟ್‌ಫಾರ್ಮಿನ ತುದಿಯವರೆಗೆ ನಡೆದು ಹೋಗಿ, ಹಳಿ ಮುಗಿಯುವ ಜಾಗವನ್ನು ನೋಡುತ್ತ ನಿಂತೆ. ಅಲ್ಲಿಂದಾಚೆ ಹುಲ್ಲು, ಲಂಟಾನದ ಪೊದೆ. ಅದರಾಚೆ ನಮ್ಮ ಸಿದ್ದಾಪುರ, ಶಿರಸಿ, ಯಲ್ಲಾಪುರ. ಮೂರೂ ಊರಿಗೆ ರೈಲಿಲ್ಲ. ಊಟಕ್ಕೆ ಹೋದಾಗ ಪಾಯಸ ಮುಗಿದಿತ್ತು. ಬಡಿಸುವವರು ಬೈದರು. ಆದರೆ ನಾನು ಮನಸ್ಸಿನಲ್ಲಿ ಆಗಲೇ ಆ ಹಳಿಯನ್ನು ಮುಂದಕ್ಕೆ ಎಳೆದಾಗಿತ್ತು.

ಹುಬ್ಬಳ್ಳಿಯಲ್ಲಿ ಆಟದ ರೈಲು ಸಿಗುತ್ತಿತ್ತು, ನಿಜ. ಒಂದನ್ನು ತಂದೆ ಕೂಡ. ಗುಂಡಗೆ ಸುತ್ತುವುದು ಬಿಟ್ಟರೆ ಅದಕ್ಕೆ ಬೇರೆ ಗತಿಯಿರಲಿಲ್ಲ. ನನಗೆ ಬೇಕಾದದ್ದು ಒಂದೂರಿಂದ ಇನ್ನೊಂದೂರಿಗೆ ಹೋಗುವ ರೈಲು. ಅದಕ್ಕೆ ತಕ್ಕ ಹಳಿ ಯಾವ ಅಂಗಡಿಯಲ್ಲೂ ಇರಲಿಲ್ಲ. ಮಳೆಗಾಲಕ್ಕೆ ಮುಂಚೆ ಪೇಟೆಯಲ್ಲಿ ಕೊಡೆ ರಿಪೇರಿಗೆ ಕೂರುತ್ತಿದ್ದವನ ಹತ್ತಿರ ಮುರಿದ ಕೊಡೆಗಳ ರಾಶಿಯೇ ಇತ್ತು. ಅದರ ಕಡ್ಡಿಗಳನ್ನು ನೀವು ಗಮನಿಸಿದ್ದೀರೋ ಇಲ್ಲವೋ, ಉಕ್ಕಿನವು, ತೆಳ್ಳಗೆ, ನೇರ, ಕರೆಂಟು ಹರಿಯುವಂಥವು. ಎರಡು ಚೀಲ ಹೊತ್ತು ತಂದೆ. ಪಕ್ಕದ ರೇಡಿಯೋ ರಿಪೇರಿಯವರು ಹಾಳಾದ ಟೇಪ್ ರೆಕಾರ್ಡರಿನ ಮೋಟಾರು ಕೊಟ್ಟು, ಬೆಸುಗೆ ಹಾಕುವುದನ್ನೂ ಕಲಿಸಿದರು. ಲೇತ್ ಅಂಗಡಿಯವನು ಹಿತ್ತಾಳೆಯ ಚಕ್ರ ಕಡೆದುಕೊಟ್ಟ. ಬಿದಿರು ಸೀಳಿ ಅಡ್ಡಪಟ್ಟಿ ಮಾಡಿಕೊಂಡೆ. ಹಳಿಯನ್ನು ಅಡ್ಡಪಟ್ಟಿಗೆ ಕೂರಿಸುವುದು ಹೇಗೆ? ದರ್ಜಿಗೆ ಅದೂ ಒಂದು ಪ್ರಶ್ನೆಯೇ? ದಪ್ಪ ನೂಲಿನಲ್ಲಿ ಹೊಲಿದೆ. ಒಂದೊಂದು ಪಟ್ಟಿಗೆ ನಾಲ್ಕು ಸುತ್ತು, ಒಂದು ಗಂಟು. ತಾಳಗುಪ್ಪದಿಂದ ಯಲ್ಲಾಪುರದವರೆಗೆ ನಾನು ರೈಲು ಹಳಿ ಹೊಲಿದವಳು!

ನನ್ನ ಗಂಡ ಸರ್ಕಾರಿ ಬಸ್ಸಿನ ಚಾಲಕರು. ಶಿರಸಿ–ಯಲ್ಲಾಪುರ ಅವರ ದಿನದ ಹಾದಿ. ಅವರಿಗೆ ಇದೆಲ್ಲ ತಮಾಷೆ.

“ಅಲ್ವೇ, ನೀನು ಯಲ್ಲಾಪುರಕ್ಕೆ ರೈಲು ಬಿಟ್ರೆ ನನ್ನ ಬಸ್ಸಿಗೆ ಯಾರು ಹತ್ತೂದು?”

“ರೈಲು ತಪ್ಪಿದವ್ರು ಹತ್ತೂದು” ಎನ್ನುತ್ತಿದ್ದೆ.

ಹೀಗಿರುವಾಗ ಕೆರಿಯಪ್ಪಣ್ಣ ಬಂದರು. ಸಿದ್ದಾಪುರದ ಹತ್ತಿರದ ಕೋಲಸಿರ್ಸಿಯವರು. ತಾಳಗುಪ್ಪದ ಲೈನಿನಲ್ಲಿ ಗ್ಯಾಂಗ್‌ಮನ್ ಆಗಿ, ಎಂದರೆ ದಿನವೂ ಹಳಿಯ ಮೇಲೆ ನಡೆದು ಅದನ್ನು ಸರಿಪಡಿಸುವ ಕೆಲಸ ಮಾಡಿ, ನಿವೃತ್ತರಾಗಿದ್ದರು. ಅವರ ಮಗಳನ್ನು ಶಿರಸಿಗೆ ಕೊಟ್ಟಿತ್ತು. ಅವಳ ಜೊತೆ ರವಿಕೆ ಹೊಲಿಸಲು ಬಂದವರು ಮೇಜಿನ ಮೇಲಿದ್ದ ಒಂದು ಗೇಣು ಹಳಿಯನ್ನು ಎತ್ತಿಕೊಂಡು, ಒಂದು ಕಣ್ಣು ಮುಚ್ಚಿ, ಅದರ ಉದ್ದಕ್ಕೂ ನೋಡಿದರು.

“ಕೊಡೆ ಕಡ್ಡಿ ಅಲ್ದಾ ತಂಗಿ?”

“ಹೌದು.”

“ಕಡ್ಡಿ ಅಡ್ಡಿಲ್ಲ. ಕಟ್ಟಿದ್ದು ಸರಿಯಿಲ್ಲ.”

ನನಗೆ ರೇಗಿತು. ನನ್ನ ಹೊಲಿಗೆಯನ್ನು ಸರಿಯಿಲ್ಲ ಎಂದವರು ಶಿರಸಿಯಲ್ಲಿ ಯಾರೂ ಇರಲಿಲ್ಲ. ಹಿಂದಿನ ಕೋಣೆಗೆ ಕರೆದುಕೊಂಡು ಹೋಗಿ ಇಡೀ ಹಲಗೆ ತೋರಿಸಿದೆ. ಅಷ್ಟರಲ್ಲಿ ಕೆಲಸ ಮುಗಿಯುತ್ತ ಬಂದಿತ್ತು. ಮೈದಾ ಗಂಜಿಯಲ್ಲಿ ಅದ್ದಿದ ಬಟ್ಟೆಯ ಗುಡ್ಡ, ಹಸಿರು ಬಣ್ಣದ ಮರದಪುಡಿಯ ಗದ್ದೆ, ಬೆಂಕಿಪೆಟ್ಟಿಗೆಯ ಸ್ಟೇಷನ್ನು. ಅವರು ಅದ್ಯಾವುದನ್ನೂ ನೋಡಲಿಲ್ಲ. ಕಣ್ಣು ಮುಚ್ಚಿ, ಎರಡು ಬೆರಳನ್ನು ಎರಡು ಹಳಿಯ ಮೇಲಿಟ್ಟು, ತಾಳಗುಪ್ಪದಿಂದ ನಿಧಾನವಾಗಿ ಹೊರಟರು. ಸಿದ್ದಾಪುರ ದಾಟಿ, ಗುಡ್ಡ ಹತ್ತುವ ತಿರುವಿನಲ್ಲಿ ಬೆರಳು ನಿಂತಿತು.

“ಇಲ್ಲಿ ಹಳಿ ಒಳಗೆ ಬಂದದೆ. ನೂಲು ಥಂಡಿಗೆ ಜಗ್ಗಿ ಹಿಡೀತದೆ ತಂಗಿ. ನೀನು ಬಿಗಿ ಮಾಡಿದಲ್ಲೆಲ್ಲ ಹಳಿ ಹತ್ರ ಬತ್ತದೆ. ಪೂರಾ ಕೀಳ್ಬೇಕು.”

ಮೂರು ತಿಂಗಳ ಕೆಲಸ! “ಗಾಡಿ ಓಡ್ತದಲ್ಲ ಅಣ್ಣ” ಎಂದೆ.

“ಈಗ ಓಡ್ತದೆ” ಎಂದು ಅವರು ಮಗಳ ಜೊತೆ ಹೊರಟುಹೋದರು.

ನಾನು ಕೀಳಲಿಲ್ಲ. ಹವ್ಯಾಸದವರಿಗೆ ಇರುವ ದೊಡ್ಡ ರೋಗ ಇದು. ಇದೇ ಹುಚ್ಚಿರುವ ನಿಮ್ಮಲ್ಲಿ ಕೆಲವರಿಗೆ ಗೊತ್ತಿರುತ್ತದೆ. ತಪ್ಪು ಹಳಿಯಲ್ಲಿದ್ದರೆ ನಾವು ಇಂಜಿನ್ನಿಗೆ ಭಾರ ಹಾಕುತ್ತೇವೆ, ಚಕ್ರ ಉಜ್ಜುತ್ತೇವೆ, ಕರೆಂಟು ಹೆಚ್ಚಿಸುತ್ತೇವೆ. ಎಲ್ಲಕ್ಕಿಂತ ಸುಲಭ, ಇನ್ನೆರಡು ಮರ ನೆಡುತ್ತೇವೆ. ನಾನು ಆ ತಿರುವಿನ ಸುತ್ತ ಒಂದು ಕಾಡನ್ನೇ ಬೆಳೆಸಿದೆ.

ಆ ವರ್ಷ ಮಳೆಗಾಲದ ಕೊನೆಗೆ ಊರಿನ ಒಂದು ಶಾಲೆಯಲ್ಲಿ ವಸ್ತುಪ್ರದರ್ಶನ. ಅಲ್ಲಿಯ ಹೆಡ್ ಮೇಡಂ ನನ್ನ ಗಿರಾಕಿ. “ನಿಮ್ಮ ರೈಲು ತನ್ನಿ” ಎಂದರು. ಹಲಗೆಯನ್ನು ಕೈಗಾಡಿಯಲ್ಲಿ ಸಾಗಿಸಿದೆವು. ಸಭಾಂಗಣದ ತುಂಬ ಜನ. ಗುಂಡಿ ಒತ್ತಿದೆ. ಗಾಡಿ ತಾಳಗುಪ್ಪ ಬಿಟ್ಟಿತು. ಸಿದ್ದಾಪುರ ಬಂತು, ಜನ ಚಪ್ಪಾಳೆ ತಟ್ಟಿದರು. ತಿರುವಿಗೆ ಬಂದದ್ದೇ ಇಂಜಿನ್ನು ಎದ್ದು, ಎರಡು ಡಬ್ಬಿಗಳನ್ನೂ ಎಳೆದುಕೊಂಡು ನನ್ನ ಕಾಡಿನೊಳಗೆ ನುಗ್ಗಿ ಮಲಗಿತು. ಎತ್ತಿಟ್ಟೆ. ಮತ್ತೆ ಅದೇ ಜಾಗದಲ್ಲಿ ಬಿತ್ತು. ಐದನೆಯ ಸಲಕ್ಕೆ ಹಿಂದಿನಿಂದ ಒಬ್ಬರು ಹೇಳಿದರು: “ಅದಕ್ಕೇ ನಮ್ಮೂರಿಗೆ ರೈಲು ಬರ್ಲಿಲ್ಲ ನೋಡಿ!”

ಇಡೀ ಸಭಾಂಗಣ ನಕ್ಕಿತು. ಹೆಡ್ ಮೇಡಂ ಕೂಡ ಸೆರಗು ಬಾಯಿಗೆ ಒತ್ತಿಕೊಂಡರು. ನನ್ನ ಕಿವಿ ಬಿಸಿಯಾಯಿತು. ನಗದೆ ಇದ್ದವರು ಒಬ್ಬರೇ, ವರ್ಷಪೂರ್ತಿ ನಗುತ್ತಿದ್ದ ನನ್ನ ಗಂಡ. ಹಲಗೆಯ ಇನ್ನೊಂದು ತುದಿ ಹಿಡಿದು ಕೈಗಾಡಿಗೆ ಏರಿಸುತ್ತ ಅವರು ಮೆಲ್ಲಗೆ ಹೇಳಿದರು: “ತಿರುವಿನಲ್ಲಿ ಬಿದ್ರೆ ತಪ್ಪು ಡ್ರೈವರ್‌ದಾ ರಸ್ತೇದಾ ಅಂತ ನೋಡ್ಬೇಕು. ನಿನ್ನ ಗಾಡಿ ಸರಿಯಾಗೇ ಉಂಟು.”

ಮರುದಿನ ಕೋಲಸಿರ್ಸಿಗೆ ಕಾರ್ಡು ಬರೆದೆ. “ಅಣ್ಣಾ, ಹಳಿ ಕೀಳುತ್ತೇನೆ. ಬನ್ನಿ.” ಅಷ್ಟೇ.

ಅವರು ಬಂದರು. ಅಂಗಿ ಬಿಚ್ಚಿ ಮೊಳೆಗೆ ತೂಗುಹಾಕಿ, ಬನಿಯನ್ನಿನಲ್ಲಿ ಕುಳಿತು, ಬ್ಲೇಡಿನಿಂದ ನನ್ನ ಗಂಟುಗಳನ್ನು ಒಂದೊಂದಾಗಿ ಕತ್ತರಿಸಿದರು. ನನ್ನ ಮುಖ ನೋಡಿ, “ಕೀಳೂದು ಅವಮಾನ ಅಲ್ಲ ತಂಗಿ. ನಾವು ಎಷ್ಟು ಸಲ ಕಿತ್ತು ಹಾಕಿದ್ವೇನ. ಮಳೆಗಾಲ ಬಂತು ಅಂದ್ರೆ ಅದೇ ಕೆಲ್ಸ” ಎಂದರು. ತಗಡಿನ ತುಂಡೊಂದಕ್ಕೆ ಎರಡು ಕಚ್ಚು ಕೊರೆದು ಕೈಗೆ ಕೊಟ್ಟರು. ಎರಡು ಹಳಿಯ ನಡುವಿನ ಅಂತರ ಅಳೆಯುವ ಗೇಜು ಅದು. “ನಿನ್ನ ಟೇಪು ಮೈ ಅಳತೆಗೆ. ಹಳಿಗೆ ಇದು.” ನೂಲಿನ ಬದಲು ನನ್ನದೇ ಗುಂಡುಪಿನ್ನುಗಳನ್ನು ಕತ್ತರಿಸಿ, ಹಳಿಯ ಎರಡೂ ಮಗ್ಗುಲಿಗೆ ಮೊಳೆಯಂತೆ ಹೊಡೆಸಿದರು. ಕಡ್ಡಿಗೂ ಕಡ್ಡಿಗೂ ನಡುವೆ ಒಂದು ಕಾಗದ ತೂರುವಷ್ಟು ಸಂದು ಬಿಡಿಸಿ, ಕರೆಂಟು ದಾಟಲು ಅಲ್ಲಿ ಸಣ್ಣ ತಂತಿ ಬೆಸೆಯಲು ಹೇಳಿದರು. ಪ್ರತಿ ಸಂತೆಯ ದಿನ ಬೆಳಗಿನ ಬಸ್ಸಿಗೆ ಬಂದು ಸಂಜೆಯ ಬಸ್ಸಿಗೆ ಹೋಗುತ್ತಿದ್ದರು. ನಮ್ಮ ಮನೆಯ ಮಾವಿನಕಾಯಿಯ ಅಪ್ಪೆಹುಳಿ ಅವರಿಗೆ ಇಷ್ಟ. ಊಟ ಮಾಡಿದ ಮೇಲೂ ಒಂದು ಲೋಟ ಹಾಕಿಸಿಕೊಂಡು ಕುಡಿಯುತ್ತ ಹಳಿ ನೋಡುತ್ತಿದ್ದರು.

ಆ ತಿರುವು ಮುಗಿದ ದಿನ ನಾನು ಗಾಡಿ ಬಿಟ್ಟೆ. ಎಡವಲಿಲ್ಲ. ಸಿದ್ದಾಪುರದಿಂದ ಶಿರಸಿಗೆ, ಶಿರಸಿಯಿಂದ ಯಲ್ಲಾಪುರಕ್ಕೆ ಹೋಗಿ ನಿಂತಿತು. ನಾನು ಚಪ್ಪಾಳೆ ತಟ್ಟಿದೆ. ಕೆರಿಯಪ್ಪಣ್ಣ ತಟ್ಟಲಿಲ್ಲ.

“ಒಂದ್ಸಲ ಹೋದ್ರೆ ಹೋದಂಗಲ್ಲ. ನೂರು ಸಲ ಬಿಡು. ನಡೂವೆ ಬಿದ್ರೆ ಮತ್ತೆ ಒಂದ್ರಿಂದ.”

ನೀವು ನಂಬಲಿಕ್ಕಿಲ್ಲ, ಬಿಟ್ಟೆ. ಸೀಮೆಸುಣ್ಣದಲ್ಲಿ ಗೋಡೆಯ ಮೇಲೆ ಗೀಟು ಎಳೆಯುತ್ತ ಹೋದೆ. ಹದಿನೇಳಕ್ಕೆ ಬಿತ್ತು. ಹುಡುಕಿದರೆ ಒಂದು ಪಿನ್ನಿನ ತಲೆ ಕೂದಲೆಳೆಯಷ್ಟು ಎದ್ದಿತ್ತು. ಅಳಿಸಿ ಮತ್ತೆ ಒಂದರಿಂದ ಶುರು. ಅರವತ್ತಮೂರಕ್ಕೆ ಬಿತ್ತು. ಆ ದಿನ ನಾನು ಅತ್ತೆ, ನಾಚಿಕೆ ಬಿಟ್ಟು ಹೇಳುತ್ತೇನೆ. ಗಂಡ ಒಳಗೆ ಬಂದು ಗೋಡೆ ನೋಡಿ, ತಾವೇ ಬಟ್ಟೆ ಒದ್ದೆ ಮಾಡಿ ಅರವತ್ತಮೂರು ಗೀಟನ್ನೂ ಒರೆಸಿ, ಸೀಮೆಸುಣ್ಣವನ್ನು ನನ್ನ ಕೈಗಿಟ್ಟರು. ಮುಂದಿನ ಸಂತೆಯ ದಿನ ಕೆರಿಯಪ್ಪಣ್ಣ ಬಂದಾಗ ಗೋಡೆಯ ಮೇಲೆ ತೊಂಬತ್ತೆರಡು ಗೀಟುಗಳಿದ್ದವು. ಉಳಿದ ಎಂಟನ್ನು ಅವರ ಎದುರೇ ಬಿಟ್ಟೆ. ನೂರನೆಯದು ಯಲ್ಲಾಪುರದಲ್ಲಿ ನಿಂತಾಗ ಕಡೆಯ ಗೀಟು ಎಳೆದೆ.

ಕೆರಿಯಪ್ಪಣ್ಣ ಹೇಳಿದರು: “ಮೂವತ್ತು ವರ್ಷ ಆ ಲೈನಿನ ಕಡೇ ಮೈಲು ನಡ್ದೆ. ಹಳಿ ಮುಗ್ದಲ್ಲಿ ನಿತ್ಕಂಡು ಈ ಬದಿ ನೋಡ್ತಿದ್ದೆ. ನನ್ನ ಮನೆ ಅಲ್ಲಿಂದ ಮುಂದೆ. ಊರಲ್ಲಿ ಸಿಕ್ಕವ್ರೆಲ್ಲ ಕೇಳೂದು, ಕೆರಿಯಪ್ಪಾ, ರೈಲು ಸಿದ್ದಾಪುರಕ್ಕೆ ಯಾವಾಗ ತರ್ತೆ ಅಂತ. ನಾ ಎಂತ ಹೇಳೂದು?” ಕೈಯೊರೆಸಿಕೊಂಡು, ಗಾಡಿಯನ್ನು ತಾಳಗುಪ್ಪದಲ್ಲಿಟ್ಟು, ಅವರೇ ಗುಂಡಿ ಒತ್ತಿದರು. ಗಾಡಿ ಸಿದ್ದಾಪುರಕ್ಕೆ ಬಂದಾಗ ನಿಲ್ಲಿಸಿ, ತುಂಬ ಹೊತ್ತು ನೋಡುತ್ತ ಕುಳಿತರು. ಆ ಸಂಜೆ ಅವರ ಬಸ್ಸು ತಪ್ಪಿತು.

ಸ್ಥಳೀಯ ಪತ್ರಿಕೆಯಲ್ಲಿ ನನ್ನ ರೈಲಿನ ಬಗ್ಗೆ ನಾಲ್ಕು ಸಾಲು ಬಂದದ್ದರಿಂದ ನನಗೆ ಇದೇ ಹುಚ್ಚಿನವರ ಕಾಗದಗಳು ಬರತೊಡಗಿದವು. ಬನವಾಸಿಯಿಂದ ಒಬ್ಬರು, ಯಲ್ಲಾಪುರದ ನಂದೊಳ್ಳಿಯಿಂದ ಸದಾನಂದ ಮೇಷ್ಟ್ರು. ಮೇಷ್ಟ್ರು ಪ್ರತಿ ಕಾಗದದಲ್ಲೂ ಯಾವ ಅಂಟು, ಯಾವ ಬಣ್ಣ ಎಂದು ಕೇಳುವರು. ನಾನು ಪ್ರತಿ ಉತ್ತರದಲ್ಲೂ ಒಂದೇ ಮಾತು ಬರೆಯುವೆ: ಮೊದಲು ಕಣ್ಣು ಮುಚ್ಚಿ ಹಳಿಯ ಮೇಲೆ ಬೆರಳಾಡಿಸಿ. ಎಡವಿದಲ್ಲಿ ಕೀಳಿ. ಮಳೆಗಾಲದಲ್ಲಿ ವಾರಕ್ಕೊಮ್ಮೆ ಸೀಮೆಎಣ್ಣೆಯ ಬಟ್ಟೆಯಿಂದ ತುಕ್ಕು ಒರೆಸಿ. ಮರವನ್ನು ಎಲ್ಲಕ್ಕಿಂತ ಕೊನೆಗೆ ನೆಡಿ.

ಎರಡು ಸಾವಿರದ ಇಸವಿಯ ಈಚೆಗೆ ತಾಳಗುಪ್ಪದ ಆ ಮೀಟರ್ ಗೇಜಿನ ಸಣ್ಣ ಹಳಿಯನ್ನೂ ಕಿತ್ತರು, ಬ್ರಾಡ್ ಗೇಜಿನ ದೊಡ್ಡದು ಹಾಕಲು. ಕೆರಿಯಪ್ಪಣ್ಣನಿಗೆ ಬೇಸರವಾದೀತೆಂದು ನಾನು ಆ ಸುದ್ದಿ ಎತ್ತಿರಲಿಲ್ಲ. “ಹಾಕೂಕೆ ಅಲ್ದಾ ಕೀಳೂದು?” ಎಂದರು ಅವರೇ. ದೊಡ್ಡ ಹಳಿಯ ಮೇಲೆ ಗಾಡಿ ಬರುವುದನ್ನು ನೋಡಲು ಅವರು ಉಳಿಯಲಿಲ್ಲ. ಕೋಲಸಿರ್ಸಿಗೆ ಹೋಗಿ ಕಡೆಯ ಸಲ ಮುಖ ನೋಡಿ ಬಂದೆ.

ಮೊನ್ನೆ ಆ ಅಂಗಡಿಯಲ್ಲಿ ನಾನು ಕದಲದೆ ನಿಂತದ್ದಕ್ಕೆ ಇನ್ನೊಂದು ಕಾರಣವಿತ್ತು. ನನ್ನ ಕಣ್ಣು ಮಂಜಾಗಿ ಎರಡು ವರ್ಷ. ಸೂಜಿಗೆ ದಾರ ಪೋಣಿಸುವುದನ್ನೇ ಬಿಟ್ಟವಳು ಬೆಸುಗೆ ಎಲ್ಲಿ ಹಾಕಲಿ ಎಂದು ಹಲಗೆಯ ಮೇಲೆ ಹಳೆಯ ಸೀರೆ ಹೊದಿಸಿ, ಯಾರಾದರೂ ಕೇಳಿದರೆ ಕೊಟ್ಟುಬಿಡುವುದೆಂದು ತೀರ್ಮಾನಿಸಿದ್ದೆ. ಅವತ್ತು ಮನೆಗೆ ಬಂದು ಚಪ್ಪಲಿ ಬಿಟ್ಟವಳೇ ಹಿಂದಿನ ಕೋಣೆಗೆ ಹೋಗಿ ಸೀರೆ ಎಳೆದೆ. ಎರಡು ಮಳೆಗಾಲದ ತುಕ್ಕು ಕೈಗೆ ಹತ್ತಿತು. ಕಣ್ಣು ಹೇಗೂ ಕಾಣದು, ಮುಚ್ಚಿಕೊಂಡೆ. ಎರಡು ಬೆರಳಿಟ್ಟು ತಾಳಗುಪ್ಪದಿಂದ ಹೊರಟೆ. ಶಿರಸಿ ದಾಟಿದ ಮೇಲೆ, ಯಲ್ಲಾಪುರಕ್ಕೆ ಇನ್ನೂ ಎರಡು ಗೇಣು ಇದೆ ಎನ್ನುವಾಗ ಬೆರಳು ಎಡವಿತು. ಜಾಗ ಸ್ಪಷ್ಟವಾಗಿ ಗೊತ್ತಾಯಿತು. ಕಣ್ಣಿದ್ದಾಗ ಇಷ್ಟು ಸ್ಪಷ್ಟವಾಗಿ ಎಂದೂ ಗೊತ್ತಾಗಿರಲಿಲ್ಲ.

ನಂದೊಳ್ಳಿಗೆ ಫೋನು ಮಾಡಿದೆ.

“ಮೇಷ್ಟ್ರೇ, ನಾಳೆ ಬನ್ನಿ. ಯಲ್ಲಾಪುರದ ಹತ್ತಿರ ಹಳಿ ಕೀಳ್ಬೇಕು. ಬೆಸುಗೆ ನೀವು ಹಾಕಿ, ಎಲ್ಲಿ ಹಾಕೂದು ಅಂತ ನಾನು ಹೇಳ್ತೆ.”

“ಹಲಗೆ ಕೊಟ್ಟುಬಿಡ್ತೆ ಅಂದಿದ್ರಲ್ಲ ಅಕ್ಕಾ?”

“ಅಂದಿದ್ದೆ” ಎಂದೆ.

ಬೆಳಗಿನ ಮೊದಲ ಬಸ್ಸಿಗೇ ಬರುತ್ತೇನೆಂದರು. ಅಲ್ಲಿಯವರೆಗೆ ಕೈಕಟ್ಟಿ ಕೂರುವುದೇಕೆ? ಇಕ್ಕಳ ಹುಡುಕಿ ತಂದು, ತಡವಿಕೊಂಡು, ಮೊದಲ ನಾಲ್ಕು ಪಿನ್ನುಗಳನ್ನು ಕಿತ್ತಿಟ್ಟೆ.